ರಸ್ತೆ ನೋಡದೆ ಓಡಿಸುವ ವಿದ್ಯೆ

ಧಾರವಾಡದಲ್ಲಿ ಬಿ.ಎ. ಮುಗಿಸಿ ಗೋಕಾಕಕ್ಕೆ ಮರಳಿದ ವರ್ಷ ನನಗೆ ಸಿಕ್ಕ ಮೊದಲ ಕೆಲಸವೆಂದರೆ ಇಂಗ್ಲಿಷ್ ಸಿನಿಮಾಗಳನ್ನು ಕತ್ತಲಲ್ಲಿ ಕೂತು ಕನ್ನಡದಲ್ಲಿ ಹೇಳುವುದು. ಊರಿನ ಟಾಕೀಜಿನಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಇಂಗ್ಲಿಷ್ ಆಟ ಇರುತ್ತಿತ್ತು. ಬಿಳಿ ಸಾಹೇಬರ ಕಾಲದಲ್ಲಿ ಅವರಿಗಾಗಿ ಶುರುವಾದ ಆಟ ಅದು. ಸಾಹೇಬರು ಒಬ್ಬೊಬ್ಬರಾಗಿ ಹಡಗು ಹತ್ತಿದರು, ಆಟ ಉಳಿಯಿತು. ಅವರು ಕೂರುತ್ತಿದ್ದ ಕುರ್ಚಿಗಳಲ್ಲಿ ಈಗ ರಜೆಯ ದಿನದ ಗಿರಣಿ ಕೆಲಸಗಾರರು, ಕೋರ್ಟಿನ ಕಾರಕೂನರು, ಕೆಲಸಕ್ಕೆಂದು ಊರಿಗೆ ಬಂದು ಬಸ್ಸಿಗೆ ಹೊತ್ತಿದೆ ಎಂದು ಒಳಗೆ ಹೊಕ್ಕ ರೈತರು ಕೂರುತ್ತಿದ್ದರು. ಅವರಿಗೆ ಗುದ್ದಾಟ ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಟಾಕೀಜಿನ ಸಾವಕಾರರು ಒಂದು ದಿನ ನನ್ನನ್ನು ಕರೆಸಿ, ಪರದೆಯ ಎಡಗಡೆ ಒಂದು ಸ್ಟೂಲು ಹಾಕಿ, ಕೈಗೆ ಮೈಕು ಕೊಟ್ಟರು.

ನನಗೂ ಆ ಮಾತು ತಿಳಿಯುತ್ತಿರಲಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಕಾಲೇಜಿನಲ್ಲಿ ನಾನು ಕಲಿತ ಇಂಗ್ಲಿಷು ಪದ್ಯದ ಇಂಗ್ಲಿಷು. ಈ ಅಮೆರಿಕದ ಕಳ್ಳರು ಮೂಗಿನಲ್ಲಿ, ತುಟಿ ತೆರೆಯದೆ, ಬಾಯಲ್ಲಿ ಸಿಗರೇಟು ಇಟ್ಟುಕೊಂಡು ಮಾತಾಡುತ್ತಿದ್ದರು. ನಾಲ್ಕರಲ್ಲಿ ಒಂದು ಮಾತು ಸಿಕ್ಕರೆ ಪುಣ್ಯ. ಉಳಿದ ಮೂರನ್ನು ನಾನೇ ಹೊಸೆಯುತ್ತಿದ್ದೆ. ಕೆಳಗೆ ಕೂತವರು ಕಡಿಮೆಯವರಲ್ಲ. ಒಮ್ಮೆ ಒಬ್ಬಳು ಹೆಂಗಸು ಪರದೆಯ ಮೇಲೆ ಎರಡು ನಿಮಿಷ ಮಾತಾಡಿದ್ದನ್ನು ನಾನು ‘ಆಕಿಗೆ ಸಿಟ್ಟು ಬಂದೈತಿ’ ಎಂದು ಮುಗಿಸಿದೆ. ಹಿಂದಿನಿಂದ ಒಬ್ಬ, “ಮಾಸ್ತರ, ಅಷ್ಟು ಮಾತಾಡಿದ್ಲಲ್ರಿ ಆಕಿ, ಉಳಿದದ್ದು ನಿಮ್ಮ ಕಿಸೇದಾಗ ಹಾಕ್ಕೊಂಡ್ರ್ಯಾ?” ಎಂದ. ಟಾಕೀಜು ತುಂಬ ನಗೆ. ಅಂದಿನಿಂದ ನಾನು ಉದ್ದುದ್ದ ಹೊಸೆಯತೊಡಗಿದೆ.

ಚಿತ್ರಗಳು ಬಹುತೇಕ ಒಂದೇ ಜಾತಿಯವು. ದೊಡ್ಡ ಚಿತ್ರಗಳ ಜೊತೆಗೆ ಕೊಸರು ಹಾಕಿದಂತೆ ಮುಂಬಯಿಯಿಂದ ಬರುತ್ತಿದ್ದವು. ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯುವ ಕಪ್ಪು ಬಿಳುಪು ಚಿತ್ರಗಳು, ಯಾರೂ ಹೆಸರು ಕೇಳದ ನಟರು. ಒಬ್ಬ ಬ್ಯಾಂಕಿನ ಎದುರು ಎಂಜಿನ್ ಬಂದ್ ಮಾಡದೆ ಕಾಯುತ್ತಿರುತ್ತಾನೆ, ಇಬ್ಬರು ಓಡಿ ಬಂದು ಹತ್ತುತ್ತಾರೆ, ಅಲ್ಲಿಂದ ಕೊನೆಯವರೆಗೆ ರಸ್ತೆಯೇ ರಸ್ತೆ. ಇನ್ನೊಂದರಲ್ಲಿ ಧೂಳಿನ ಮೈದಾನದಲ್ಲಿ ದುಂಡಗೆ ಓಡುವ ರೇಸಿನ ಕಾರುಗಳು. ಅವುಗಳಲ್ಲಿ ಒಂದರ ಬೋಲ್ಟನ್ನು ಯಾರೋ ಮೊದಲೇ ಸಡಿಲು ಮಾಡಿರುತ್ತಾರೆ. ಒಂದೇ ಕಾರು ಎರಡು ಬೇರೆ ಚಿತ್ರಗಳಲ್ಲಿ ಅದೇ ಕಣಿವೆಗೆ, ಅದೇ ಬಗೆಯಲ್ಲಿ ಬಿದ್ದದ್ದನ್ನು ನಾನು ನೋಡಿದ್ದೇನೆ. ನನ್ನನ್ನು ಹೆಚ್ಚು ಹೆದರಿಸುತ್ತಿದ್ದುದು ಆ ಊರುಗಳು. ಹಾಡಹಗಲು ಬೀದಿಯಲ್ಲಿ ಒಬ್ಬ ಮನುಷ್ಯ ಇರುತ್ತಿರಲಿಲ್ಲ, ಒಂದು ನಾಯಿ ಇರುತ್ತಿರಲಿಲ್ಲ. ಖರ್ಚು ಉಳಿಸಲು ಜನರನ್ನು ಹಾಕಿರಲಿಲ್ಲ ಎಂದು ಈಗ ತಿಳಿಯುತ್ತದೆ. ಆಗ ಮಾತ್ರ, ಏನೋ ಬೇನೆ ಬಂದು ಊರಿಗೆ ಊರೇ ಸತ್ತಿದೆ, ಈ ಕಾರಿನವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎನ್ನಿಸುತ್ತಿತ್ತು.

ಆ ಕಾರಿನವರು ರಸ್ತೆ ನೋಡುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದವನು ಪಕ್ಕದ ಹೆಂಗಸಿನ ಕಡೆ ಪೂರ್ತಿ ಮುಖ ತಿರುಗಿಸಿ, ಆರಾಮವಾಗಿ ಮಾತಾಡುತ್ತಾನೆ. ಹಿಂದಿನ ಗಾಜಿನಲ್ಲಿ ಗಿಡ, ಬೇಲಿ, ಕಂಬಗಳು ಹಾರಿಹೋಗುತ್ತಿರುತ್ತವೆ. ಇದರ ಗುಟ್ಟು ನನಗೆ ಗೊತ್ತಿತ್ತು. ಕಾಲೇಜಿನ ವಾಚನಾಲಯಕ್ಕೆ ಬರುತ್ತಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಚಿತ್ರಸಹಿತ ಓದಿದ್ದೆ: ಕಾರು ಒಂದು ದೊಡ್ಡ ಕೋಣೆಯಲ್ಲಿ ನಿಂತೇ ಇರುತ್ತದೆ, ಅದರ ಹಿಂದೆ ಬಿಳಿ ಪರದೆ ಕಟ್ಟಿ ಮೊದಲೇ ತೆಗೆದ ರಸ್ತೆಯ ಚಿತ್ರವನ್ನು ಓಡಿಸುತ್ತಾರೆ, ಇಬ್ಬರು ಕೂಲಿಗಳು ಕಾರನ್ನು ಅಲುಗಾಡಿಸುತ್ತಾರೆ. ಆದರೆ ಟಾಕೀಜಿನಲ್ಲಿ ಒಂದು ಮಧ್ಯಾಹ್ನ ಯಾರೋ “ಏ, ಮುಂದ ನೋಡಲೇ ಮಗನ, ಸಾಯ್ತಿ” ಎಂದು ಪರದೆಯ ಚಾಲಕನನ್ನು ಬೈದಾಗ, ನಾನು ಮೈಕಿನಲ್ಲಿ, “ಅವ ರಸ್ತೆ ನೋಡೂದಿಲ್ಲ. ರಸ್ತೇನ ಅವನ್ನ ನೋಡ್ತೈತಿ” ಎಂದುಬಿಟ್ಟೆ. ಹಾಗೆ ಯಾಕೆ ಅಂದೆನೋ ತಿಳಿಯದು. ಆಗ ಬಿದ್ದ ಚಪ್ಪಾಳೆಯಂಥದ್ದು ನನಗೆ ಮತ್ತೆಂದೂ ಬಿದ್ದಿಲ್ಲ. ಮುಂದಿನ ವಾರದಿಂದ ಕಾರು ಹೊರಟ ಕೂಡಲೇ ಜನರೇ ಆ ಮಾತನ್ನು ಕೂಗಿ ಕೇಳತೊಡಗಿದರು, ನಾನು ಹೇಳುತ್ತಿದ್ದೆ.

ಆ ಮಾತನ್ನು ಕೇಳಿ ನಗದೆ, ಚಪ್ಪಾಳೆ ತಟ್ಟದೆ, ಮನಸ್ಸಿಗೆ ಹಾಕಿಕೊಂಡವರು ಒಬ್ಬರು ಮಾತ್ರ: ರೀಲಿನ ಗಾಡಿಯ ಡ್ರೈವರ್ ಕಾಕಾ.

ಮೂರರ ಆಟ ಮುಗಿದ ಮೇಲೆ ಅದೇ ರೀಲುಗಳು ಮೂಡಲಗಿಗೆ ಹೋಗಬೇಕಿತ್ತು. ಅಲ್ಲಿ ಸಾವಕಾರರದೇ ಒಂದು ತಂಬೂ ಟಾಕೀಜು ಇತ್ತು, ಏಳು ಗಂಟೆಗೆ ಆಟ. ಎರಡು ಊರಿಗೆ ಒಂದೇ ಪ್ರಿಂಟು. ಐದು ಗಂಟೆಗೆ ತಗಡಿನ ಡಬ್ಬಿಗಳನ್ನು ಕಾರಿನ ಹಿಂದಿನ ಸೀಟಿಗೆ ಏರಿಸಿ ಕಾಕಾ ಹೊರಡುತ್ತಿದ್ದರು. ಮೂಡಲಗಿಯಲ್ಲೂ ಹೇಳುವವನು ನಾನೇ ಆದ್ದರಿಂದ ಮುಂದಿನ ಸೀಟಿನಲ್ಲಿ ನಾನು. ಕಾಕಾ ಹುಕ್ಕೇರಿಯವರು, ವಯಸ್ಸು ನಲವತ್ತೈದು ದಾಟಿತ್ತು. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸಿದವರು. ಇಪ್ಪತ್ತೆರಡು ವರ್ಷದಲ್ಲಿ ಅವರ ಗಾಡಿ ಒಂದು ಕೋಳಿಗೂ ತಾಗಿರಲಿಲ್ಲ. ಕೋಳಿ ದೂರ ಇದ್ದಾಗಲೇ ಹಾರ್ನು ಒತ್ತಿ, ಅದು ದಾಟುವವರೆಗೂ ಕಾಯುವ ಮನುಷ್ಯ. ಅವರು ಬೇಗ ಓಡಿಸಿದ್ದಾರೆ ಎಂದು ಯಾರೂ ಹೇಳಲಾರರು.

ಕಾರು ಯಾರೋ ಸಾಹೇಬ ಬಿಟ್ಟುಹೋದ ಹಳೆಯ ಅಮೆರಿಕದ ಕಾರು, ಎಮ್ಮೆಯಂತೆ ಅಗಲ. ಒಂದು ಭಾನುವಾರ ಪರದೆಯ ಮೇಲೆ ಅದೇ ಬಗೆಯ ಕಾರು ಬಂತು, ಅದೇ ಮೂಗು, ಅದೇ ದುಂಡು ದೀಪ. ಕೊನೆಯಲ್ಲಿ ಅದು ಬೆಂಕಿ ಹತ್ತಿ ಉರಿಯಿತು. ಆಟ ಮುಗಿದ ಮೇಲೆ ಕಾಕಾ ಹೊರಗೆ ಬಂದು ನಮ್ಮ ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಬಿಸಿಲಿಗೆ ಕಾದ ತಗಡು. ಕೈ ತೆಗೆದು ನೋಡಿಕೊಂಡರು.

ಅಂದಿನ ದಾರಿಯಲ್ಲಿಯೇ ಅದು ಶುರುವಾಯಿತು. ಹೊಳೆ ದಾಟಿ, ಕಬ್ಬಿನ ಹೊಲಗಳನ್ನು ಹಿಂದೆ ಹಾಕಿ, ಎರೆಭೂಮಿಗೆ ಬಂದೆವು. ಅಲ್ಲಿ ರಸ್ತೆ ನೂಲು ಹಿಡಿದಂತೆ ನೆಟ್ಟಗೆ. ಎರಡೂ ಕಡೆ ಬೇವಿನ ಗಿಡ, ಅವುಗಳ ಆಚೆ ಜೋಳ. ನಾನು ಏನೋ ಹೇಳುತ್ತಿದ್ದೆ. ಕಾಕಾ ನನ್ನ ಕಡೆ ಮುಖ ತಿರುಗಿಸಿದರು. ಯಾರಾದರೂ ಚಣ ಹೊತ್ತು ತಿರುಗುತ್ತಾರೆ, ಅಂಥದ್ದಲ್ಲ. ತಿರುಗಿದ ಮುಖ ಹಾಗೆಯೇ ಉಳಿಯಿತು. ತುಟಿಯ ಮೂಲೆಯಲ್ಲಿ ಸಣ್ಣ ನಗೆ, ಕಣ್ಣು ನನ್ನ ಕಣ್ಣಿನಲ್ಲಿ. ಪರದೆಯ ಚಾಲಕನ ನಗೆ ಅದು. ನನ್ನ ಮಾತು ನಿಂತಿತು. ಅವರು ಮತ್ತೆ ರಸ್ತೆಗೆ ತಿರುಗಿದಾಗ ಬೆವರಿದ್ದರು.

“ಏನ್ ಮಾಡಾಕತ್ತೀರಿ ಕಾಕಾ?” ಎಂದೆ.

“ಕಲಿಯಾಕತ್ತೇನ್ರಿ” ಎಂದರು.

ಇಪ್ಪತ್ತೆರಡು ವರ್ಷ ಓಡಿಸಿದವನಿಗೆ ಬರದ ವಿದ್ಯೆ ಪರದೆಯ ಮೇಲಿನ ಆ ಚಿಗುರುಮೀಸೆಯವನಿಗೆ ಬರುತ್ತದೆಂದರೆ ತನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದರು. ಸೈನ್ಯದ ಯಾವ ಉಸ್ತಾದನೂ ಇದನ್ನು ಕಲಿಸಿರಲಿಲ್ಲ. ನೀವು ಹೇಳಿದ ಮೇಲೆ ತಿಳಿಯಿತು, ಕಣ್ಣಿನಿಂದ ಓಡಿಸುವವನು ಕೂಲಿ, ಮೈಯಿಂದ ಓಡಿಸುವವನು ಡ್ರೈವರ್ ಎಂದರು. ಅಷ್ಟು ಮರ್ಯಾದೆಯಿಂದ ಅವರು ನನ್ನೊಡನೆ ಹಿಂದೆ ಮಾತಾಡಿರಲಿಲ್ಲ.

ಆಗಲೇ ಹೇಳಬಹುದಿತ್ತು. ಕಾರು ನಿಂತಿರುತ್ತದೆ ಕಾಕಾ, ಹಿಂದೆ ಪರದೆ ಇರುತ್ತದೆ. ಎರಡು ಮಾತು. ಹೇಳಿದರೆ ಅವರು ತಮ್ಮ ಡ್ರೈವರುಗಳ ಬೈಠಕ್ಕಿನಲ್ಲಿ ಹೇಳುತ್ತಾರೆ, ಅಲ್ಲಿಂದ ಟಾಕೀಜಿಗೆ ಬರುತ್ತದೆ, ಚಪ್ಪಾಳೆ ನಿಲ್ಲುತ್ತದೆ. ಇಷ್ಟು ಲೆಕ್ಕ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಹೋಯಿತೆಂದು ಈಗಲೂ ನೆನಪಿದೆ. ನಾನು ನಕ್ಕು ಸುಮ್ಮನಾದೆ.

ಮುಂದಿನ ಭಾನುವಾರಗಳಲ್ಲಿ ಅವರು ನೋಡುವ ಹೊತ್ತು ಬೆಳೆಯಿತು. ಮೂರು ಬೇವಿನ ಗಿಡ ದಾಟುವಷ್ಟು, ಆಮೇಲೆ ಐದು, ಆಮೇಲೆ ಎಂಟು. ಕಾರು ತುಸು ಎಡಕ್ಕೆ ಜಾರಿದಾಗ ಮುಖ ತಿರುಗಿಸದೆಯೇ ಅವರ ಕೈ ಸರಿಪಡಿಸುತ್ತಿತ್ತು. ಗಾಲಿಯ ಸದ್ದು ಡಾಂಬರಿನ ಮೇಲೆ ಒಂದು ಬಗೆ, ಅಂಚಿನ ಮಣ್ಣಿನ ಮೇಲೆ ಒಂದು ಬಗೆ. ಅವರು ಅದನ್ನು ಕೇಳಿ ತಿದ್ದುತ್ತಿದ್ದರು. ನಿಜವಾಗಿಯೂ ಅವರಿಗೆ ಅದು ಬರತೊಡಗಿತ್ತು. ಇದೇ ನನಗೆ ಭಯ ಹುಟ್ಟಿಸಿತು. ಇಲ್ಲದ ವಿದ್ಯೆಯೊಂದನ್ನು ಈ ಮನುಷ್ಯ ಕಲಿತುಬಿಡುತ್ತಾನೆ ಎನ್ನಿಸಿತು. ಭಯದ ಜೊತೆಗೆ ನನಗೆ ಅದರ ರುಚಿಯೂ ಹತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ವಾರವಿಡೀ ಭಾನುವಾರದ ಆ ನೆಟ್ಟನೆಯ ರಸ್ತೆಗಾಗಿ ಕಾಯುತ್ತಿದ್ದೆ.

ಎದುರಿಗೆ ಬಂಡಿ ಗಿಂಡಿ ಬಂದರೆ ಸದ್ದು ಮಾತ್ರದಿಂದ ತಿಳಿಯದು ಎಂದು ಒಂದು ಸಲ ನಾನೇ ಅಂದೆ. ಅದಕ್ಕೆ ಅವರು ಒಂದು ಉಪಾಯ ಹೇಳಿದರು. ಟಾಕೀಜಿನಲ್ಲಿ ನಾನು ಎಷ್ಟೋ ಸಲ ಕಣ್ಣು ಮುಚ್ಚಿ ನಿಮ್ಮ ಮಾತನ್ನು ಮಾತ್ರ ಕೇಳುತ್ತೇನೆ, ಆಗ ಚಿತ್ರ ಇನ್ನೂ ಚಂದ ಕಾಣುತ್ತದೆ ಎಂದರು.

“ಹಂಗ ಇಲ್ಲೂ ಹೇಳ್ರಿ. ನೀವು ಹೇಳ್ರಿ, ನಾ ಹೊಡಿತೇನಿ.”

ಹಾಗೆ ನಾನು ರಸ್ತೆಯನ್ನು ಹೇಳತೊಡಗಿದೆ. ‘ನೆಟ್ಟಗ. ನೆಟ್ಟಗ. ಬಲಕ್ಕ ಬಂಡಿ, ದೂರ ಐತಿ. ಈಗ ಸಮೀಪ. ಎಡಕ್ಕ ತುಸು. ದಾಟಿತು.’ ಅವರು ನನ್ನ ಮುಖ ನೋಡುತ್ತ ಓಡಿಸುತ್ತಿದ್ದರು. ನನ್ನ ಬಾಯಿಂದ ಬಂದದ್ದೇ ರಸ್ತೆ. ಹೇಳದಿದ್ದರೆ ಅದು ಇಲ್ಲ.

ಜೋಳ ಕೊಯ್ದು ಹೊಲ ಖಾಲಿಯಾಗಿದ್ದ ಕಾಲ. ಆ ದಿನಗಳಲ್ಲಿ ಕುರುಬರು ತಮ್ಮ ಹಿಂಡುಗಳನ್ನು ತಂದು ಗೊಬ್ಬರಕ್ಕಾಗಿ ರಾತ್ರಿ ಹೊಲಗಳಲ್ಲಿ ತರುಬಿ ಕೂಡಿಹಾಕುತ್ತಾರೆ. ಹಗಲು ಮೇಯಿಸಿ, ಹೊತ್ತು ಮುಳುಗುವಾಗ ಯಾವ ಹೊಲದ ಸರದಿಯೋ ಆ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಇದು ಈ ಸೀಮೆಯಲ್ಲಿ ಹುಟ್ಟಿದ ನನಗೂ ಗೊತ್ತು, ಕಾಕಾರಿಗೂ ಗೊತ್ತು.

ಆ ಭಾನುವಾರ ಆಟ ತಡವಾಗಿ ಮುಗಿದಿತ್ತು. ನೆಟ್ಟನೆಯ ರಸ್ತೆಗೆ ಬರುವ ಹೊತ್ತಿಗೆ ಸೂರ್ಯ ನಮ್ಮ ಹಿಂದೆ ನೆಲಕ್ಕೆ ಹತ್ತಿದ್ದ. ಕಾರಿನ ಒಳಗೆಲ್ಲ ಕೆಂಪು ಬೆಳಕು. ಗಾಳಿ ಇರಲಿಲ್ಲ. ಕಾಕಾ ಮುಖ ತಿರುಗಿಸಿದರು, ನಾನು ಹೇಳತೊಡಗಿದೆ. ಎಂದಿಗಿಂತ ಜೋರಾಗಿ ಹೊರಟಿದ್ದೆವು. ಅವರ ಕಿವಿಯ ಆಚೆ ಕಿಟಕಿಯಲ್ಲಿ ಬೇವಿನ ಗಿಡಗಳು ಒಂದರ ಹಿಂದೆ ಒಂದು ಹಾಯುತ್ತಿದ್ದವು. ಅವುಗಳನ್ನು ನೋಡುತ್ತ ನೋಡುತ್ತ ನನಗೆ ಒಂದು ವಿಚಿತ್ರ ಅನ್ನಿಸಿಕೆ ಬಂತು. ಈ ಗಿಡ ಆಗಲೇ ಹೋಯಿತಲ್ಲ? ಈ ಮುರಿದ ಕೊಂಬೆ ಮತ್ತೆ ಬಂತೇ? ನಾವು ನಿಂತಿದ್ದೇವೆ, ಹೊರಗೆ ಯಾರೋ ರಸ್ತೆಯನ್ನು ಎಳೆಯುತ್ತಿದ್ದಾರೆ, ಇಬ್ಬರು ಕೂಲಿಗಳು ಬಗ್ಗಿ ಕುಳಿತು ಕಾರನ್ನು ಅಲುಗಾಡಿಸುತ್ತಿದ್ದಾರೆ ಅನ್ನಿಸಿತು. ಹೆದರಿಕೆ ಪೂರ್ತಿ ಹೋಯಿತು. ಅಷ್ಟು ಹಾಯೆನಿಸಿದ್ದು ಆ ದಾರಿಯಲ್ಲಿ ಅದೇ ಮೊದಲು.

‘ನೆಟ್ಟಗ’ ಎಂದೆ. ‘ನೆಟ್ಟಗ.’

ಮುಂದೆ ರಸ್ತೆಯ ಮೇಲೆ ಏನೋ ಬೂದು ಬಣ್ಣದ್ದು ಹರಿಯುತ್ತಿತ್ತು. ಎಡದ ಹೊಲದಿಂದ ಬಲದ ಹೊಲಕ್ಕೆ, ಮೆಲ್ಲಗೆ, ಹೊಗೆಯಂತೆ. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಸಾವಕಾರರಿಗೆ ಹೇಳಿದ್ದೇನೆ, ಮನೆಯಲ್ಲಿ ಬ್ರೇಕು ಹಿಡಿಯಲಿಲ್ಲ ಎಂದು ಹೇಳಿದ್ದೇನೆ. ಎರಡೂ ಸುಳ್ಳು. ನಾನು ಅದನ್ನು ಚೆನ್ನಾಗಿ ನೋಡಿದೆ, ಚಿತ್ರವನ್ನು ನೋಡುವಂತೆ ನೋಡಿದೆ. ಬೂದು ಬಣ್ಣದ ನಡುವೆ ಒಂದು ಕಪ್ಪು ನಿಂತಿತ್ತು, ಅದು ಕೈ ಎತ್ತಿತು. ಟಾಕೀಜಿನಲ್ಲಿ ನನಗೆ ಒಂದು ರೂಢಿ ಇತ್ತು: ಮೊದಲು ನೋಡಬೇಕು, ಆಗುವುದು ಆಗಬೇಕು, ಆಮೇಲೆ ಹೇಳಬೇಕು. ಹೇಳುವವನು ಯಾವಾಗಲೂ ಚಿತ್ರಕ್ಕಿಂತ ಒಂದು ಉಸಿರು ಹಿಂದೆ. ಆ ಉಸಿರನ್ನು ನಾನು ಅಲ್ಲಿಯೂ ತೆಗೆದುಕೊಂಡೆ.

‘ಕುರಿ’ ಎಂದೆ.

ಕಾಕಾ ತಿರುಗಿದರು. ಬ್ರೇಕಿನ ಸದ್ದಿಗಿಂತ ಮೊದಲು ಮೆತ್ತನೆಯ ಒಂದು ಸದ್ದು ಕೇಳಿತು, ಮತ್ತೊಂದು. ಕಾರು ಬಲಕ್ಕೆ ಹೊರಳಿ ರಸ್ತೆ ಬಿಟ್ಟು ಜೋಳದ ಕೂಳೆಯ ಮೇಲೆ ಹಾರುತ್ತ ಹೋಯಿತು. ಮುಂದಿನ ಗಾಜಿನ ಮೇಲೆ ಏನೋ ಬಂದು ಬಿತ್ತು, ಕಾರಿನ ಒಳಗೆ ಕತ್ತಲಾಯಿತು. ಹಿಂದಿನ ಡಬ್ಬಿಗಳು ನಮ್ಮ ಬೆನ್ನಿಗೆ ಅಪ್ಪಳಿಸಿದವು. ಆಮೇಲೆ ಒಂದು ಬದುವಿಗೆ ಮೂಗು ತಾಗಿಸಿ ಕಾರು ನಿಂತಿತು.

ಇಂದಿಗೂ ನಾನು ಇದನ್ನು ಇಲ್ಲಿಯವರೆಗೆ ತಂದು, ಹಿಂದಕ್ಕೆ ಸುತ್ತಿ, ಮತ್ತೆ ಬಿಡುತ್ತೇನೆ. ಊಟ ಮಾಡುವಾಗ, ತರಗತಿಯಲ್ಲಿ ಪಾಠ ಹೇಳುವಾಗ ಆ ಬೂದು ಬಣ್ಣ ಹರಿಯತೊಡಗುತ್ತದೆ. ಈ ಸಲ ಬೇಗ ಹೇಳುತ್ತೇನೆ ಎಂದುಕೊಳ್ಳುತ್ತೇನೆ. ಒಮ್ಮೆಯೂ ಬೇಗ ಹೇಳಿಲ್ಲ.

ಗಾಜಿನ ಮೇಲೆ ಬಿದ್ದದ್ದು ಕಪ್ಪು ಕಂಬಳಿ. ಬಾನೆಟ್ಟಿನ ಮೇಲೆಲ್ಲ ಹರಡಿತ್ತು, ನಡುವೆ ಉಬ್ಬಿತ್ತು, ಮನುಷ್ಯನೊಬ್ಬ ಮೊಣಕಾಲು ಮಡಚಿ ಮಲಗಿದಷ್ಟು ಉಬ್ಬು. ಎಂಜಿನ್ನು ನಿಂತಿತ್ತು. ಆ ಉಬ್ಬು ಮೆಲ್ಲಗೆ ಏರಿ ಇಳಿಯುತ್ತಿತ್ತು, ಉಸಿರಾಡಿದಂತೆ. ಕಾಕಾ ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಬಾಗಿದ್ದರು. ಅವರ ಕಣ್ಣು ಆ ಉಬ್ಬಿನ ಮೇಲೆ.

“ತಗೀರಿ ಮಾಸ್ತರ” ಎಂದರು. “ನನ್ನ ಕೈಲಿ ಆಗೂದಿಲ್ಲ.”

ನಾನು ಇಳಿದೆ. ಕಂಬಳಿಯ ಅಂಚು ಹಿಡಿದೆ. ಬಿಸಿಯಾಗಿತ್ತು. ಕುರಿಯ ವಾಸನೆ, ಬೀಡಿಯ ವಾಸನೆ. ಎಳೆದೆ. ಒಳಗೆ ಯಾರೂ ಇರಲಿಲ್ಲ. ರೇಡಿಯೇಟರಿನ ಮುಚ್ಚಳ ಹಾರಿ ಉಗಿ ಏಳುತ್ತಿತ್ತು, ಅಷ್ಟೇ.

ಆಗ ಬೆನ್ನ ಹಿಂದೆ ಒಂದು ಮುದಿ ಧ್ವನಿ, ಸಿಟ್ಟೂ ಇಲ್ಲದೆ ಅವಸರವೂ ಇಲ್ಲದೆ, “ಅದು ನಂದೈತಿ. ಕೊಡ್ರಿ ಇಲ್ಲೆ” ಎಂದಿತು.

ಮುದುಕ ಕುರುಬ, ಬರಿಮೈ, ಹೆಗಲ ಮೇಲೆ ಒಂದು ಕೆಂಪು ಗೆರೆ. ಮಡಗಾರ್ಡಿಗೆ ಸಿಕ್ಕಿದ್ದು ಅವನ ಹೆಗಲ ಕಂಬಳಿ ಮಾತ್ರ. ಅವನು ಅದನ್ನು ಬಿಟ್ಟು ಜಿಗಿದಿದ್ದ. ಕಂಬಳಿಯನ್ನು ಜಾಡಿಸಿ ಹೊದ್ದುಕೊಂಡು ಅವನು ಕಾರಿನೊಳಗೆ ಬಗ್ಗಿ ಕಾಕಾರನ್ನು ನೋಡಿದ.

“ಕಣ್ಣು ಕಾಣೂದಿಲ್ಲೇನು ಇವಂಗ?” ಎಂದು ನನ್ನನ್ನು ಕೇಳಿದ.

ಕಾಣುತ್ತವೆ ಎಂದೆ.

“ಮತ್ತ ನಿನ್ನ ಮಾರಿ ಯಾಕ ನೋಡಾಕತ್ತಿದ್ದ? ನಾ ಕೈ ಎತ್ತೀನಿ, ಕೂಗೀನಿ. ನೀ ನನ್ನ ನೋಡಿದಿ. ಸುಮ್ಮನ ನೋಡಿದಿ.”

ಎರಡು ಕುರಿಗಳು ರಸ್ತೆಯ ಮೇಲೆ ಬಿದ್ದಿದ್ದವು. ಉಳಿದ ಹಿಂಡು ಅಷ್ಟರಲ್ಲಿ ಹೊಲಕ್ಕಿಳಿದು ಒಂದಕ್ಕೊಂದು ಅಂಟಿಕೊಂಡು ನಿಂತಿತ್ತು. ಎಲ್ಲದರ ಮುಖವೂ ನಮ್ಮ ಕಡೆ. ಒಂದೂ ಅರಚಲಿಲ್ಲ. ಸಾವಕಾರರು ಮರುದಿನ ಕುರುಬರೊಡನೆ ಮಾತಾಡಿ ಬಗೆಹರಿಸಿದರು. ಆ ಮುದುಕ ಹೇಳಿದ ಮಾತನ್ನು ನಾನು ಯಾರಿಗೂ ಮುಟ್ಟಿಸಲಿಲ್ಲ.

ಕಾಕಾರ ಎದೆಯ ಎರಡು ಎಲುಬು ಬಿರುಕು ಬಿಟ್ಟಿದ್ದವು. ಪಟ್ಟಿ ಕಟ್ಟಿ ಹುಕ್ಕೇರಿಗೆ ಕಳಿಸಿದರು. ಎರಡು ವಾರದ ಮೇಲೆ ಬಸ್ಸು ಹಿಡಿದು ನೋಡಲು ಹೋದೆ. ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು. ಅವರ ಹೆಂಡತಿ ಕಾಕು ಚಹಾ ತಂದರು. ಗಂಡನಿಗೆ ತಲೆಗೂ ಪೆಟ್ಟಾಗಿದೆಯೇ, ನೀವು ಓದಿದವರು ನೋಡಿ ಎಂದು ಮೆಲ್ಲಗೆ ಕೇಳಿದರು. ಒಬ್ಬರೇ ಕೂತಾಗ ಎರಡು ಕೈ ಮುಂದೆ ಹಿಡಿದು, ಕತ್ತು ಎಡಕ್ಕೆ ತಿರುಗಿಸಿ, ಯಾರೋ ಪಕ್ಕದಲ್ಲಿ ಇದ್ದಂತೆ ನಗುತ್ತಾರಂತೆ. ಹಾಗೆಯೇ ಎಷ್ಟೋ ಹೊತ್ತು ಇರುತ್ತಾರಂತೆ.

ಕಾಕು ಒಳಗೆ ಹೋದ ಮೇಲೆ ಕಾಕಾ ನನ್ನ ಹತ್ತಿರ ಬಾಗಿದರು. ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ, ಬೇಸರ ಇರಲಿಲ್ಲ.

“ನೀವು ತಡಾ ಮಾಡಿದ್ರಿ ಮಾಸ್ತರ” ಎಂದರು. “ನಂದೇನೂ ತಪ್ಪಿಲ್ಲ, ನಾ ವಿಚಾರ ಮಾಡಿ ನೋಡೇನಿ. ಒಂದ ಗಳಿಗಿ ಮದಲ ಹೇಳಿದ್ರ ದಾಟಿಸ್ತಿದ್ದೆ. ಮುಂದಿನ ಸಲ ಮದಲ ಹೇಳ್ರಿ.”

ಮುಂದಿನ ಸಲ. ಈ ಮನುಷ್ಯ ಎದ್ದು ನಿಂತ ದಿನ ಮತ್ತೆ ಓಡಿಸುತ್ತಾನೆ, ಮತ್ತೆ ತಿರುಗುತ್ತಾನೆ, ಆ ದಿನ ಕಂಬಳಿಯೊಳಗೆ ಯಾರಾದರೂ ಇರುತ್ತಾರೆ ಅಥವಾ ಇವರೇ ಉಳಿಯುವುದಿಲ್ಲ ಎಂದು ನನಗೆ ಖಚಿತವಾಯಿತು. ಎಲ್ಲವನ್ನೂ ಹೇಳಿದೆ. ಕೋಣೆ, ಪರದೆ, ಅಲುಗಾಡಿಸುವ ಕೂಲಿಗಳು. ಅವರು ಕೇಳಿ ನಕ್ಕರು, ನಕ್ಕು ಎದೆ ಹಿಡಿದುಕೊಂಡರು. ಹೆದರಿದ್ದೀರಿ, ಅದಕ್ಕೆ ಹೀಗೆ ಹೇಳುತ್ತೀರಿ ಎಂದರು. ನಿಂತ ಕಾರು ಯಾವುದು, ಓಡುವ ಕಾರು ಯಾವುದು ಎಂದು ತನಗೆ ತಿಳಿಯದೇ? ನೀವು ಹೇಳುವುದನ್ನು ಟಾಕೀಜಿನಲ್ಲಿ ಹೇಳಿ, ಜನ ನಗುತ್ತಾರೆ ಎಂದರು. ನಾನು ಆಣೆ ಇಟ್ಟೆ. ಅವರು ನನ್ನ ಬೆನ್ನು ತಟ್ಟಿದರು.

ಇನ್ನೂ ಎರಡು ವಾರಕ್ಕೆ ಅವರು ಕೆಲಸಕ್ಕೆ ಬಂದರು. ಕಾರಿನ ಮೂಗು ತಿದ್ದಿಸಿ ತಂದಿದ್ದರು. ಅಂದು ಮೂರರ ಆಟದಲ್ಲಿಯೂ ಅಂಥದೇ ಚಿತ್ರ. ನಾನು ಆ ಮಾತನ್ನು ಹೇಳಲಿಲ್ಲ. ಜನ ಕೂಗಿದರು, ಮೈಕು ಬಂದ್ ಮಾಡಿ ಕೂತೆ. ಆಟ ಮುಗಿದು ಡಬ್ಬಿಗಳಿಗೆ ರೀಲು ತುಂಬುವ ಮುಂಚೆ ಕಾಕಾರನ್ನು ಕೈ ಹಿಡಿದು ಪ್ರೊಜೆಕ್ಟರು ಇದ್ದ ಮೇಲಿನ ಕೋಣೆಗೆ ಕರೆದೊಯ್ದೆ. ವರ್ಷಗಟ್ಟಲೆ ಆ ಡಬ್ಬಿಗಳನ್ನು ಹೊತ್ತವರು, ಒಳಗಿನದನ್ನು ಒಮ್ಮೆಯೂ ನೋಡಿರಲಿಲ್ಲ. ಆಪರೇಟರನಿಗೆ ಕಾರಿನ ಒಳಗೆ ಮಾತಾಡುವ ಭಾಗ ಹುಡುಕಿಕೊಡು ಎಂದೆ. ಅವನು ಗೊಣಗುತ್ತ, ಬೀಡಿ ಗೀಡಿ ಹಚ್ಚಿದರೆ ಮೂವರೂ ಸುಟ್ಟುಹೋಗುತ್ತೇವೆ ಎಂದು ಹೆದರಿಸಿ, ರೀಲು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ.

ಬೆರಳಗಲದ ಚಿತ್ರಗಳು, ಒಂದರ ಕೆಳಗೊಂದು. ಪ್ರತಿಯೊಂದರಲ್ಲೂ ಅದೇ ಚಾಲಕ, ತಿರುಗಿದ ಮುಖ, ನಗೆ. ಕಾಕಾ ಮೊದಲು ಆ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಗಾಜಿನಲ್ಲಿ ನೋಡಿ ಎಂದೆ. ಅಲ್ಲಿ ಒಂದು ಬಿಳಿ ಬೇಲಿ, ಅದರ ಮೇಲೆ ಬಾಗಿದ ಕಂಬ, ಆಮೇಲೆ ಕವಲೊಡೆದ ಒಂದು ಗಿಡ. ಆಪರೇಟರ್ ರೀಲು ಮೆಲ್ಲಗೆ ಎಳೆದ. ಕೈಯಿಂದ ಕೈಗೆ ಫಿಲ್ಮು ಸರಿಯಿತು. ಬಯಲು, ಬಯಲು, ಬಿಳಿ ಬೇಲಿ. ಬಾಗಿದ ಕಂಬ. ಕವಲೊಡೆದ ಗಿಡ.

ಕಾಕಾರ ಬೆರಳು ಅಲ್ಲಿ ನಿಂತಿತು.

“ಇನ್ನಷ್ಟು ಎಳಿ” ಎಂದರು.

ಮೂರನೆಯ ಸಲವೂ ಬಂತು. ದಾರಿಯ ಪ್ರತಿ ಗಿಡವನ್ನೂ ಬಲ್ಲ ಮನುಷ್ಯ ಅವರು. ಒಂದು ಗಿಡವನ್ನು ದಾಟಿದ ಮೇಲೆ ಅದು ಮತ್ತೆ ಎದುರಾಗುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಹಳ ಹೊತ್ತು ಹಾಗೆಯೇ ನೋಡಿದರು. ಆಮೇಲೆ ಫಿಲ್ಮನ್ನು ಆಪರೇಟರನ ಕೈಗೆ ಕೊಟ್ಟು, ಬೆರಳನ್ನು ಅಂಗಿಗೆ ಒರೆಸಿಕೊಂಡರು.

“ನಿಮಗ ಇದು ಯಾವಾಗಿಂದ ಗೊತ್ತ್ರಿ?”

“ಕಾಲೇಜಿನ್ಯಾಗ ಇದ್ದಾಗಿಂದ.”

“ಅಂದ್ರ ನಾ ಮದಲನೇ ದಿವಸ ನಿಮ್ಮ ಕಡೆ ಹೊಳ್ಳಿದಾಗ?”

“ಗೊತ್ತಿತ್ತು ಕಾಕಾ.”

ಅವರು ನನ್ನನ್ನು ನೋಡಿದರು. ಆ ಎಲ್ಲ ಭಾನುವಾರಗಳಲ್ಲಿ ಅಷ್ಟಷ್ಟು ಹೊತ್ತು ನನ್ನ ಮುಖವನ್ನೇ ನೋಡಿದ್ದರು. ಈಗಿನದು ಅರೆಕ್ಷಣ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಆಪರೇಟರ್ ತುಂಬಿಕೊಟ್ಟ ಡಬ್ಬಿಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದರು.

ಕೆಳಗೆ, ನಾನು ಎಂದಿನಂತೆ ಮುಂದಿನ ಬಾಗಿಲು ತೆರೆದಾಗ ಡಬ್ಬಿಗಳು ಆಗಲೇ ಆ ಸೀಟಿನ ಮೇಲೆ ಕೂತಿದ್ದವು.

“ಹಿಂದ ಕುಂಡರ್ರಿ” ಎಂದರು.

ಹಿಂದೆ ಕೂತೆ. ಹೊಳೆ ದಾಟಿದೆವು, ಕಬ್ಬು ದಾಟಿದೆವು. ನೆಟ್ಟನೆಯ ರಸ್ತೆ ಬಂದಾಗ ಅವರ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಕೋಳಿಗೆ ಕಾಯುವ ಹಳೆಯ ನಿಧಾನದಲ್ಲಿ ಕಾರು ಹೋಗುತ್ತಿತ್ತು. ಹೊತ್ತು ಮುಳುಗುತ್ತಿತ್ತು. ಬದುವಿನ ಮಣ್ಣು ಕಿತ್ತಿದ್ದ ಆ ಜಾಗಕ್ಕೆ ಬಂದಾಗ ಅವರು ಕಾರು ನಿಲ್ಲಿಸಿದರು. ಎಂಜಿನ್ನು ಬಂದ್ ಮಾಡಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಮುಂದೆ ನೋಡುತ್ತ ಕೂತರು.

ರಸ್ತೆ ಖಾಲಿ ಇತ್ತು. ಎರಡೂ ಕಡೆಯ ಹೊಲ ಖಾಲಿ. ಕುರುಬರು ಎಂದೋ ಬೇರೆ ಸೀಮೆಗೆ ಹೋಗಿದ್ದರು. ಕಾಕಾರ ತಲೆ ಮಾತ್ರ ಎಡದಿಂದ ಬಲಕ್ಕೆ ಮೆಲ್ಲಗೆ, ಬಹಳ ಮೆಲ್ಲಗೆ ಸರಿಯಿತು, ಯಾವುದೋ ಉದ್ದನೆಯ ಹಿಂಡು ದಾಟುವುದನ್ನು ಒಂದೊಂದಾಗಿ ನೋಡುವವರಂತೆ. ಮತ್ತೆ ಎಡಕ್ಕೆ ಬಂತು, ಮತ್ತೆ ಬಲಕ್ಕೆ ಸರಿಯಿತು.

ರಸ್ತೆಯ ಮೇಲೆ ಏನೂ ಇಲ್ಲ ಕಾಕಾ ಎಂದು ಹೇಳಲು ನಾನು ಬಾಯಿ ತೆರೆದೆ. ಅವರು ಹಿಂದೆ ನೋಡದೆಯೇ ಒಂದು ಕೈ ಎತ್ತಿ ನನ್ನನ್ನು ತಡೆದರು. ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಗೇರು ಹಾಕಿ ಹೊರಟರು.